ಮೂಕಪ್ರಾಣಿಗಳಿಗೆ ಪ್ಯಾನ್ ಕಾರ್ಡ್ ಇಲ್ಲ ಮಾರಾಯ್ರೇ

ಇವತ್ತು ಬೆಳಿಗ್ಗೆ ಶಿರಸಿಯಲ್ಲಿ ಒಂದು ಮೃತ್ಯುಪತ್ರ, ಅಂದರೆ ವಿಲ್, ಓದಲಿಕ್ಕೆ ಸಿಕ್ಕಿತು. ಯಾರದ್ದು, ಯಾವ ಊರಿನದ್ದು ಅನ್ನೋದು ಇಲ್ಲಿ ಬೇಡ. ಬರೆದವರು ತೀರಿಕೊಂಡಿದ್ದಾರೆ. ಮೂರು ಪುಟ. ತೋಟದ ಸರ್ವೆ ನಂಬರು, ಹಿಸ್ಸಾ ನಂಬರು, ಚಕ್ಕುಬಂದಿ, ಬಾವಿ ನೀರಿನ ಪಾಲು ಎಲ್ಲ ಇದೆ. ಬಚ್ಚಲಿನ ತಾಮ್ರದ ಹಂಡೆ ಯಾರಿಗೆ ಅನ್ನೋದೂ ಇದೆ. ಕೊನೆಗೆ ಒಂದೇ ಸಾಲು: "ಇಷ್ಟಾಗಿ ಉಳಿದ ಹಣವೆಲ್ಲ ಮೂಕಪ್ರಾಣಿಗಳ ಸೇವೆಗೆ ಸಲ್ಲತಕ್ಕದ್ದು."

ಹಂಡೆಗೆ ಹೆಸರು ಹಿಡಿದು ವಾರಸುದಾರನನ್ನು ಬರೆದಿದ್ದಾರೆ. ಲಕ್ಷಗಟ್ಟಲೆ ಹಣಕ್ಕೆ "ಮೂಕಪ್ರಾಣಿ" ಅಂತ ಬರೆದು ಕೈತೊಳೆದುಕೊಂಡಿದ್ದಾರೆ.

ಎಂತ ಪ್ರಾಣಿ? ಕೊಟ್ಟಿಗೆಯ ದನವೋ, ಬಸ್‌ಸ್ಟ್ಯಾಂಡಿನ ನಾಯಿಯೋ, ಕಾರವಾರದ ದಂಡೆಗೆ ಬಿದ್ದ ಕಡಲಾಮೆಯೋ? ಹಣ ಯಾರ ಕೈಗೆ ಕೊಡಬೇಕು? ಯಾರು ರಸೀದಿ ಹರಿಯಬೇಕು? ಪ್ರಾಣಿಗೆ ಬ್ಯಾಂಕ್ ಖಾತೆ ಇಲ್ಲ, ಪ್ಯಾನ್ ಕಾರ್ಡ್ ಇಲ್ಲ, ಕಾನೂನಿನ ಕಣ್ಣಲ್ಲಿ ಅದು ಆಸ್ತಿ ಹೊಂದುವ ವ್ಯಕ್ತಿಯೇ ಅಲ್ಲ. ಇಲ್ಲಿರುವ ಬಹಳಷ್ಟು ಜನಕ್ಕೆ ನನ್ನ ಕೆಲಸ ಗೊತ್ತು, ಇಂಥ ಕಾಗದಗಳ ಮಧ್ಯೆಯೇ ದಿನ ಹೋಗ್ತದೆ. ಆದರೂ ಈ ಸಾಲು ಕಂಡಾಗಲೆಲ್ಲ ಮೈ ಉರಿಯುತ್ತದೆ.

1899ರಲ್ಲೇ ಪ್ರಿವಿ ಕೌನ್ಸಿಲ್, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿಯ ಪೀಠ, ಒಂದು ತೀರ್ಪು ಕೊಟ್ಟಿದೆ. ಮುಂಬಯಿ ಕಡೆಯ ಒಬ್ಬ ಹಿಂದೂ ತನ್ನ ವಿಲ್‌ನಲ್ಲಿ "ಧರಮ್"ಗೆ ಅಂತ ಬರೆದಿಟ್ಟಿದ್ದ. ಆ ಮಾತು ತೀರಾ ಅಸ್ಪಷ್ಟ, ಆದ್ದರಿಂದ ಆ ಕೊಡುಗೆ ಅಸಿಂಧು ಅಂದರು. 125 ವರ್ಷ ದಾಟಿತು, ನಾವು ಇನ್ನೂ "ಸೇವೆಗೆ", "ಸತ್ಕಾರ್ಯಕ್ಕೆ" ಅಂತ ಬರೆಯುತ್ತಲೇ ಇದ್ದೇವೆ. ಒಪ್ಪುತ್ತೇನೆ, "ಮೂಕಪ್ರಾಣಿಗಳ ಸೇವೆ" ಅನ್ನೋದು "ಧರಮ್"ನಷ್ಟು ಮಸುಕಲ್ಲ. ಒಳ್ಳೆಯ ವಕೀಲರು ಸಿಕ್ಕಿದರೆ ದಾನದ ಉದ್ದೇಶ ಸ್ಪಷ್ಟ ಇದೆ ಅಂತ ವಾದಿಸಿ ಕೋರ್ಟಿನಲ್ಲಿ ಉಳಿಸಿಕೊಳ್ಳಬಹುದು. ಆದರೆ ಕೋರ್ಟಿಗೆ ಹೋಗುವವರು ಯಾರು ಸ್ವಾಮಿ? ಚಿಪ್ಪುಹಂದಿ ವಕಾಲತ್ತಿಗೆ ಸಹಿ ಹಾಕುತ್ತದೆಯೇ? ಆ ಸಾಲು ಬಿದ್ದುಹೋದರೆ ಹಣ ಬರುವುದು ವಾರಸುದಾರರಿಗೆ. ಆ ಸಾಲನ್ನು ಜಾರಿ ಮಾಡಬೇಕಾದವರೂ ಅವರೇ. ಹೆಸರು ಹಾಕಿದ್ದರೆ ಆ ಸಂಸ್ಥೆ ಒಂದು ಕಾಗದ ಬರೆದು "ನಮ್ಮದೆಲ್ಲಿ" ಅಂತ ಕೇಳುತ್ತಿತ್ತು. ಹೆಸರಿಲ್ಲದ ದಾನಕ್ಕೆ ಕೇಳುವ ಬಾಯಿ ಇಲ್ಲ.

ಹಾಗಾದರೆ ಹೇಗೆ ಬರೆಯಬೇಕು? ಮೊದಲು ಸಂಸ್ಥೆಯ ನೋಂದಾಯಿತ ಹೆಸರು. ಗೇಟಿನ ಬೋರ್ಡಿನಲ್ಲಿ ಇರುವುದಲ್ಲ, ಫೇಸ್‌ಬುಕ್ ಪೇಜಿನಲ್ಲಿ ಇರುವುದಂತೂ ಅಲ್ಲವೇ ಅಲ್ಲ. ಟ್ರಸ್ಟ್ ಆದರೆ ಟ್ರಸ್ಟ್ ಡೀಡಿನಲ್ಲಿರುವ ಹೆಸರು, ಸೊಸೈಟಿ ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕೊಟ್ಟ ಪ್ರಮಾಣಪತ್ರದಲ್ಲಿರುವ ಹೆಸರು, ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಕಂಪನಿಯಾದರೆ ಅಲ್ಲಿರುವ ಹೆಸರು. ಅದರ ಜೊತೆ ನೋಂದಣಿ ಸಂಖ್ಯೆ, ಪ್ಯಾನ್, ವಿಳಾಸ. ಪ್ರಾಣಿರಕ್ಷಣೆಯ ಸಂಸ್ಥೆಗಳ ಹೆಸರುಗಳು ಅಣ್ಣತಮ್ಮಂದಿರಂತೆ ಇರುತ್ತವೆ. ಒಂದೇ ಹೆಸರಿನ ಮುಂದೆ ಬೇರೆ ಬೇರೆ ಊರು ಸೇರಿಸಿಕೊಂಡು, ಲೆಕ್ಕಪತ್ರವೂ ಬೇರೆಯಾಗಿರುವ ಘಟಕಗಳಿರುತ್ತವೆ. ನೀವು ಬೆಂಗಳೂರಿನ ಆಸ್ಪತ್ರೆ ಅಂತ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ದಿಲ್ಲಿಯ ಕಚೇರಿಗೆ ಹೋಗಿ ಕೂರಬಹುದು. ಒಂದು ಫೋನ್ ಮಾಡಿ ಕೇಳಿದರೆ ಸರಿಯಾದ ಹೆಸರು ವಾಟ್ಸಾಪಿನಲ್ಲೇ ಕಳಿಸುತ್ತಾರೆ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಯಾರಿಗೂ ಇಲ್ಲ, ಹಂಡೆಗೆ ಇದೆ.

ಮಾದರಿ ಬೇಕು ಅನ್ನುವವರಿಗೆ, ಹೀಗೆ ಬರೆಯಬಹುದು:

"ನನ್ನ ಸಾಲಗಳು, ಉತ್ತರಕ್ರಿಯೆಯ ಖರ್ಚು ಮತ್ತು ಮೇಲೆ ಹೇಳಿದ ಕೊಡುಗೆಗಳನ್ನು ತೀರಿಸಿ ಉಳಿಯುವ ಚರ ಆಸ್ತಿಯಲ್ಲಿ ನೂರಕ್ಕೆ ಹತ್ತು ಭಾಗವನ್ನು ಇಂಥ ಹೆಸರಿನ, ಇಂಥ ನೋಂದಣಿ ಸಂಖ್ಯೆ ಮತ್ತು ಪ್ಯಾನ್ ಸಂಖ್ಯೆಯ ಸಂಸ್ಥೆಗೆ ಅದರ ಸಾಮಾನ್ಯ ಉದ್ದೇಶಗಳಿಗಾಗಿ ಕೊಡತಕ್ಕದ್ದು. ಆ ಹೊತ್ತಿಗೆ ಆ ಸಂಸ್ಥೆ ಬೇರೊಂದರಲ್ಲಿ ವಿಲೀನವಾಗಿದ್ದರೆ ವಿಲೀನಗೊಂಡ ಸಂಸ್ಥೆಗೆ, ಮುಚ್ಚಿಹೋಗಿದ್ದರೆ ಇಂಥ ಎರಡನೇ ಸಂಸ್ಥೆಗೆ ಸಲ್ಲತಕ್ಕದ್ದು. ಸಂಸ್ಥೆಯ ಅಧಿಕೃತ ರಸೀದಿ ಪಡೆದಲ್ಲಿಗೆ ಈ ವಿಲ್ ಜಾರಿ ಮಾಡುವ ನನ್ನ ನಿರ್ವಾಹಕರ ಹೊಣೆ ತೀರಿತು."

ಒಂದೊಂದು ಮಾತೂ ಅಲ್ಲಿ ಕಾರಣ ಇಟ್ಟುಕೊಂಡೇ ಕೂತಿದೆ. "ನೂರಕ್ಕೆ ಹತ್ತು" ಯಾಕೆ, ಒಂದು ಲಕ್ಷ ಅಂತ ಬರೆದರೆ ಆಗದೇ? ಆಗುತ್ತದೆ. ಆದರೆ ಬೆಲೆಯೇರಿಕೆ ವರ್ಷಕ್ಕೆ ನೂರಕ್ಕೆ ಆರರಂತೆ ಹೋದರೆ 12 ವರ್ಷದಲ್ಲಿ ಆ ಲಕ್ಷದ ಕಸುವು ಅರ್ಧ, 24 ವರ್ಷದಲ್ಲಿ ಕಾಲು. ಐವತ್ತರ ವಯಸ್ಸಿನಲ್ಲಿ ಬರೆದು ಎಂಬತ್ತು ದಾಟಿ ಬದುಕುವ ಗಟ್ಟಿ ಜನ ನಮ್ಮವರು! ಇನ್ನು ಕೆಲವರು ಎಫ್‌ಡಿ ನಂಬರ್ ಹಾಕಿ "ಈ ಠೇವಣಿ ಇಂಥ ಸಂಸ್ಥೆಗೆ" ಅಂತ ಬರೆಯುತ್ತಾರೆ. ನೋಡಲು ಬಹಳ ಅಚ್ಚುಕಟ್ಟು. ಆ ಎಫ್‌ಡಿ ಮುಗಿದು ಹಣ ಉಳಿತಾಯ ಖಾತೆಗೆ ಬಂದು ಖರ್ಚಾಯಿತು ಅಂದರೆ, ಅಥವಾ ಬೇರೆ ಬ್ಯಾಂಕಿನಲ್ಲಿ ಹೊಸದು ಮಾಡಿದಿರಿ ಅಂದರೆ, ವಿಲ್‌ನಲ್ಲಿ ಹೇಳಿದ ವಸ್ತುವೇ ಇಲ್ಲದಾಯಿತು. ಕೊಡುಗೆಯೂ ಹೋಯಿತು.

ಮತ್ತೆ ಈ ನಾಮಿನಿ. "ಸಂಸ್ಥೆಯನ್ನೇ ನಾಮಿನಿ ಮಾಡಿಬಿಡ್ತೇನೆ, ವಿಲ್ ಎಂತಕ್ಕೆ?" ಅಂತ ಕೇಳುತ್ತಾರೆ. ಬ್ಯಾಂಕ್ ಠೇವಣಿಗೆ ವ್ಯಕ್ತಿಯನ್ನು ಮಾತ್ರ ನಾಮಿನಿ ಮಾಡಬಹುದು, ಟ್ರಸ್ಟನ್ನು ಮಾಡಲು ಬರುವುದಿಲ್ಲ. ಮತ್ತು ಬ್ಯಾಂಕಿನ ನಾಮಿನಿ ಹಣದ ಒಡೆಯನಲ್ಲ, ಪಡೆದುಕೊಂಡು ಹಕ್ಕುದಾರರಿಗೆ ದಾಟಿಸಬೇಕಾದವ.

ಜಮೀನಿನ ವಿಷಯಕ್ಕೆ ಬಂದರೆ ನನ್ನ ಸಿಟ್ಟು ಇನ್ನೊಂದು ಡಿಗ್ರಿ ಏರುತ್ತದೆ. "ನನ್ನ ಬೆಟ್ಟ ಕಾಡುಪ್ರಾಣಿಗಳಿಗೇ ಇರಲಿ" ಅಂತ ಬರೆಯುವ ಆಸೆ ಘಟ್ಟದ ಮೇಲೆ ಸುಮಾರು ಜನಕ್ಕಿದೆ. ಕೇಳಲಿಕ್ಕೆ ಚಂದ. ಸೊಪ್ಪಿನ ಬೆಟ್ಟದ ಒಡೆಯ ಸರ್ಕಾರ ಮಾರಾಯ್ರೇ. ನಿಮ್ಮದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು, ಅದೂ ತೋಟಕ್ಕೆ ಅಂಟಿಕೊಂಡು ಬಂದದ್ದು. ತೋಟ ಬಿಟ್ಟು ಬೆಟ್ಟವನ್ನಷ್ಟೇ ಯಾರಿಗೂ ಬರೆಯಲು ಬರುವುದಿಲ್ಲ. ಅತಿಕ್ರಮಣದ ಜಾಗವಂತೂ ನಿಮ್ಮ ಹೆಸರಿಗೇ ಆಗಿಲ್ಲ, ಮಂಗಟ್ಟೆ ಹಕ್ಕಿಯ ಹೆಸರಿಗೆ ಹೇಗೆ ಮಾಡುತ್ತೀರಿ? ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲದ ಬೋಜಾ ಇದೆ, ಮೊದಲು ನೋಡಿ. ಅಜ್ಜನ ಕಾಲದಿಂದ ಪಾಲುಪಟ್ಟಿ ಆಗದ ಭಾಗಾಯ್ತ (ತೋಟದ ಜಮೀನು) ಆಗಿದ್ದರೆ ನೀವು ಬರೆಯಬಹುದಾದದ್ದು ನಿಮ್ಮ ಪಾಲನ್ನು ಮಾತ್ರ. ಗೇಣಿಯಿಂದ ಬಂದ ಭೂಮಿಯಾದರೆ ಅದರ ಷರತ್ತು ಓದದೆ ಮುಟ್ಟಬೇಡಿ. ಟ್ರಸ್ಟುಗಳು ಕೃಷಿಭೂಮಿ ಹೊಂದುವುದನ್ನು ತಡೆಯುತ್ತಿದ್ದ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಬಿ ಕಲಂ 2020ರ ತಿದ್ದುಪಡಿಯಲ್ಲಿ ಹೋಗಿದೆ ನಿಜ. ಆದರೂ ನನ್ನ ಮಾತು ಕೇಳಿ, ಸಂಸ್ಥೆಗೆ ಹಣ ಕೊಡಿ, ಎಕರೆ ಕೊಡಬೇಡಿ. ಬೆಂಗಳೂರಿನಲ್ಲಿ ಕುಳಿತವರು ಶಿರಸಿ ಕಡೆಯ ಹೆಗಡೆಕಟ್ಟೆಯ ಒಂದು ಎಕರೆ ಅಡಿಕೆ ತೋಟಕ್ಕೆ ಕೊಳೆಮದ್ದು ಹೊಡೆಸುವುದು ಹೇಗೆ? ಮಾರಬೇಕು, ಮಾರಲು ಹೋದರೆ ದಾಯಾದಿಗಳ ತಕರಾರು, ತಕರಾರು ಮುಗಿಯುವಷ್ಟರಲ್ಲಿ ತೋಟಕ್ಕೆ ತೋಟವೇ ಹಾಳು.

ಈಗ ಬರುತ್ತದೆ ಆ ಪ್ರಶ್ನೆ, ಕಮೆಂಟಿಗೆ ಮೊದಲೇ ಉತ್ತರಿಸಿಬಿಡುತ್ತೇನೆ. "ತೋಟಕ್ಕೆ ತೋಟವನ್ನೇ ಹಾಳು ಮಾಡುವ ಮಂಗಕ್ಕೆ, ಗದ್ದೆ ಅಗೆಯುವ ಹಂದಿಗೆ ಆಸ್ತಿ ಬರೆಯಬೇಕಾ? ಮನೆಯ ಮಕ್ಕಳು ಸತ್ತಿದ್ದಾರಾ?" ಸರಿ. ಎಳೆ ಅಡಿಕೆಯ ರಾಶಿ ಬುಡದಲ್ಲಿ ಬಿದ್ದದ್ದು ಕಂಡರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ರಕ್ಷಣಾ ಕೇಂದ್ರಕ್ಕೆ ಕೊಟ್ಟ ದುಡ್ಡಿನಿಂದ ಮಂಗಕ್ಕೆ ಬಾಳೆಹಣ್ಣು ಹಂಚುವುದಿಲ್ಲ. ಬಾವಿಗೆ ಬಿದ್ದ ಕಾಡುಕೋಣ, ಹಟ್ಟಿಗೆ ಹೊಕ್ಕ ಚಿರತೆ, ಅಡುಗೆಮನೆಗೆ ಬಂದ ಕಾಳಿಂಗ, ಇವುಗಳಿಗೆ ನೀವು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಾಗ ಬರುವ ಜೀಪಿಗೆ ಡೀಸೆಲ್ ಬೇಕಲ್ಲ? ಮಕ್ಕಳ ಮಾತು ಬಿಡಿ. ನೂರಕ್ಕೆ ತೊಂಬತ್ತು ಅವರಿಗೇ ಇದೆ.

ಹಣ ಹೋಗುವುದು ಎಲ್ಲಿಗೆ ಅನ್ನೋದು ಗೊತ್ತಿಲ್ಲದೆಯೇ ಜನ ವಿಚಿತ್ರ ಷರತ್ತು ಹಾಕುತ್ತಾರೆ: "ಚಿರತೆಗಳ ಊಟಕ್ಕೆ ಮಾತ್ರ", "ನಮ್ಮ ತಾಯಿಯ ಹೆಸರಿನ ಕಟ್ಟಡಕ್ಕೆ ಮಾತ್ರ". ಹಂದಿಗೆಂದು ಬೈಕಿನ ಕ್ಲಚ್ ವೈರಿನಲ್ಲಿ ಕಟ್ಟಿದ ಉರುಳಿಗೆ ಚಿರತೆ ಸೊಂಟ ಸಿಕ್ಕಿಸಿಕೊಂಡಿತು ಅಂತಿಟ್ಟುಕೊಳ್ಳಿ. ಅರಿವಳಿಕೆ ಕೊಟ್ಟು ತಂತಿ ಕತ್ತರಿಸುವ ಹೊತ್ತಿಗೆ ಮೇಲಿಂದ ಒಂದು ಗೀರಿನಷ್ಟೇ ಗಾಯ ಕಾಣಬಹುದು. ವಿಡಿಯೋ ಅಲ್ಲಿಗೆ ಮುಗಿಯುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ತಂತಿ ಬಿಗಿದಲ್ಲಿ ರಕ್ತ ಓಡದೆ ಒಳಗಿನ ಮಾಂಸ ಸತ್ತಿರುತ್ತದೆ, ಅದು ಹೊರಗೆ ಕಾಣುವುದು ಕೆಲವು ದಿನ ಕಳೆದ ಮೇಲೆ. ಒದ್ದಾಟಕ್ಕೆ ಸ್ನಾಯು ಕರಗಿ ಮೂತ್ರಪಿಂಡ ಕೈಕೊಡುವುದೂ ಉಂಟು. ಆದ್ದರಿಂದ ಅದನ್ನು ಕೂಡಲೇ ಕಾಡಿಗೆ ಬಿಟ್ಟರೆ ಕಣ್ಣಿಗೆ ಕಾಣದ ಕಡೆ ಹೋಗಿ ಸಾಯುತ್ತದೆ. ಬೇಕಾದದ್ದು ವೈದ್ಯರ ಸಂಬಳ, ಗಾಯದ ಮದ್ದು, ರಕ್ತಪರೀಕ್ಷೆ, ಜನ ಇಣುಕದ ಒಂದು ಪಂಜರ. ಬಲೆಗೆ ಸಿಕ್ಕಿ ರೆಕ್ಕೆಗಾಲು ತುಂಡಾದ ಕಡಲಾಮೆಯದ್ದೂ ಇದೇ ಕತೆ, ತಿಂಗಳುಗಟ್ಟಲೆ ತೊಟ್ಟಿಯ ಉಪ್ಪುನೀರು ಬದಲಿಸುವ ಕೆಲಸ. ಇದಕ್ಕೆ ಯಾರೂ ನಾಮಫಲಕ ಹಾಕಿಸುವುದಿಲ್ಲ. ಅದಕ್ಕೇ ಮಾದರಿಯಲ್ಲಿ "ಸಾಮಾನ್ಯ ಉದ್ದೇಶಗಳಿಗಾಗಿ" ಅಂತ ಬರೆದದ್ದು. ಆಸೆ ಇದ್ದರೆ "ಸಾಧ್ಯವಾದರೆ ಕಡಲಾಮೆಗಳಿಗೆ ಬಳಸಲಿ ಎಂಬುದು ನನ್ನ ಇಚ್ಛೆ" ಅನ್ನಿ. ಇಚ್ಛೆ ಅನ್ನಿ, ಷರತ್ತು ಹಾಕಬೇಡಿ.

ಸಂಸ್ಥೆ ಆರಿಸುವಾಗ ದಯವಿಟ್ಟು ನಾಗರಹಾವಿನ ಹೆಡೆಗೆ ಮುತ್ತು ಕೊಡುವ ವಿಡಿಯೋ ನೋಡಿ ಮರುಳಾಗಬೇಡಿ. ಅದು ಸಂಸ್ಥೆ ಅಲ್ಲ, ಸರ್ಕಸ್ಸು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ರಕ್ಷಣಾ ಕೇಂದ್ರವೂ ಮೃಗಾಲಯದ ವ್ಯಾಖ್ಯೆಯೊಳಗೇ ಬರುತ್ತದೆ, ಅದಕ್ಕೆ ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಬೇಕು. ಪ್ರಾಣಿ ಹಿಡಿಯಲು, ಇಟ್ಟುಕೊಳ್ಳಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಕಾಗದ ಕೇಳಿ. ಮೂರು ವರ್ಷದ ಆಡಿಟ್ ವರದಿ ಕೇಳಿ. ದಾನಸಂಸ್ಥೆ ಅಂತ ಆದಾಯ ತೆರಿಗೆ ಇಲಾಖೆ ಕೊಡುವ ನೋಂದಣಿ ಊರ್ಜಿತದಲ್ಲಿದೆಯೇ ನೋಡಿ, ಅದಕ್ಕೂ ಅವಧಿ ಇದೆ. ಟ್ರಸ್ಟಿಗಳೆಲ್ಲ ಗಂಡ, ಹೆಂಡತಿ, ಭಾವಮೈದ ಆಗಿದ್ದು ಕ್ಯೂಆರ್ ಕೋಡ್ ವೈಯಕ್ತಿಕ ಖಾತೆಯದ್ದಾದರೆ ನಮಸ್ಕಾರ ಹೇಳಿ ಬನ್ನಿ. ಅಮೆರಿಕದ ಪೌರತ್ವ ತೆಗೆದುಕೊಂಡ ಮಗ "ನಾನೂ ಅಲ್ಲಿಂದ ಕೊಡ್ತೇನೆ" ಅಂದರೆ ಅದು ವಿದೇಶಿ ದೇಣಿಗೆ, ಓಸಿಐ ಕಾರ್ಡ್ ಇದ್ದರೂ ಅಷ್ಟೇ. ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ನೋಂದಣಿ ಇರಬೇಕು, ಹಣ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು.

ಸಹಿಯ ವಿಷಯ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಕನಿಷ್ಠ ಇಬ್ಬರು ಸಾಕ್ಷಿಗಳು. ನೀವು ಸಹಿ ಹಾಕುವುದನ್ನು ಅವರು ನೋಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಅಂತ ನಿಮ್ಮ ಬಾಯಿಂದ ಕೇಳಿರಬೇಕು, ಮತ್ತು ನಿಮ್ಮ ಎದುರಿಗೇ ತಮ್ಮ ಸಹಿ ಹಾಕಬೇಕು. ಮುಂದೆ ಕೋರ್ಟಿನಲ್ಲಿ ವಿಲ್ ಸಾಬೀತು ಮಾಡಲು ಕನಿಷ್ಠ ಒಬ್ಬ ಸಾಕ್ಷಿಯ ಹೇಳಿಕೆ ಬೇಕು, ಹಾಗಾಗಿ ನಿಮಗಿಂತ ಹಿರಿಯರನ್ನು ಹಿಡಿದು ತರಬೇಡಿ. ಸಂಸ್ಥೆಯವರನ್ನೇ ಸಾಕ್ಷಿ ಹಾಕಿಸಬೇಡಿ, ಅನುಮಾನಕ್ಕೆ ಅದೇ ಮೊದಲ ಮೊಳೆ. ನೋಂದಣಿ ಕಡ್ಡಾಯ ಅಲ್ಲ, ಆದರೆ ಮಾಡಿಸಿ. ಅದಕ್ಕೆ ಕಾಲಮಿತಿ ಇಲ್ಲ, ಹಾಸಿಗೆ ಹಿಡಿದವರಿದ್ದರೆ ಸಬ್‌ರಜಿಸ್ಟ್ರಾರ್ ಮನೆಗೇ ಬರುವ ಅವಕಾಶವೂ ಇದೆ. ಆಮೇಲೆ ಮನಸ್ಸು ಬದಲಾಯಿತು ಅಂತ ಪೆನ್ನಿನಲ್ಲಿ ಗೀಚಿ ಪಕ್ಕದಲ್ಲಿ ಬರೆಯುವುದು ನಡೆಯುವುದಿಲ್ಲ, ತಿದ್ದುಪಡಿಗೂ ಅದೇ ಕ್ರಮದಲ್ಲಿ ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು.

ಭಟ್ಕಳ, ಹೊನ್ನಾವರದ ಸ್ನೇಹಿತರಿಗೆ ಒಂದು ಮಾತು. ಮುಸ್ಲಿಮರು ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗದವರೆಗೆ ಮಾತ್ರ ವಸಿಯತ್ ಮಾಡಬಹುದು, ಒಂದು ಸಂಸ್ಥೆಗೆ ಕೊಡಲು ಅದು ಧಾರಾಳ. ಕ್ರೈಸ್ತರು ಧರ್ಮಕಾರ್ಯಕ್ಕೆ ಬರೆಯುವುದಕ್ಕೆ ಇದ್ದ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮಿನ ಅಡ್ಡಿಯನ್ನು ಸುಪ್ರೀಂ ಕೋರ್ಟು 2003ರಲ್ಲೇ ತೆಗೆದುಹಾಕಿದೆ. ಇನ್ನೂ ಅದನ್ನೇ ಹೇಳಿ ಹೆದರಿಸುವವರಿದ್ದಾರೆ.

ಒಂದು ತಪ್ಪೊಪ್ಪಿಗೆ: ಇಷ್ಟೆಲ್ಲ ಭಾಷಣ ಬಿಗಿಯುವ ನನ್ನ ವಿಲ್ ಇನ್ನೂ ಲ್ಯಾಪ್‌ಟಾಪಿನಲ್ಲಿ ಕರಡಾಗಿಯೇ ಕೂತಿದೆ. ಬೈಯುವವರು ಬೈಯಬಹುದು.

ನಿರ್ವಾಹಕ ಅಂತ ಒಬ್ಬರ ಹೆಸರು ಹಾಕುವುದನ್ನು ಮರೆಯಬೇಡಿ, ಉಳಿಕೆ ಹಣದಿಂದ ಲಾಭ ಇಲ್ಲದವರಾದರೆ ಒಳ್ಳೆಯದು. ಕೊಡುಗೆ ಪಾವತಿಸಲು ಕಾನೂನು ಅವರಿಗೆ ಒಂದು ವರ್ಷದ ಪುರುಸೊತ್ತು ಕೊಡುತ್ತದೆ, ಸಂಸ್ಥೆಯವರು ಹನ್ನೆರಡನೇ ದಿನಕ್ಕೇ ಬಾಗಿಲು ಬಡಿಯಲಾರರು. ಮೂಲಪ್ರತಿಯನ್ನು ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ. ನಾಮಿನಿ ಇಲ್ಲದ ಲಾಕರ್ ತೆಗೆಯಲು ಬ್ಯಾಂಕಿನವರು ಕೇಳುವ ಕಾಗದ ಆ ಲಾಕರಿನ ಒಳಗೇ ಇರುತ್ತದೆ. ಎಲ್ಲಿ ಇಟ್ಟಿದ್ದೀರಿ ಅಂತ ನಿರ್ವಾಹಕರಿಗೆ ಹೇಳಿ, ಸಂಸ್ಥೆಗೆ ಆ ಒಂದು ಪುಟದ ಜೆರಾಕ್ಸ್ ಕಳಿಸಿ. ಇವತ್ತು ನಾನು ಓದಿದ ಮೃತ್ಯುಪತ್ರ ಸಿಕ್ಕಿದ್ದು ಅವರು ತೀರಿಕೊಂಡು ಏಳು ತಿಂಗಳಿಗೆ, ಹಳೆಯ ಪಂಚಾಂಗಗಳ ಕಟ್ಟಿನ ನಡುವೆ. ಹಂಡೆ ಅಷ್ಟರಲ್ಲಿ ಗುಜರಿಗೆ ಹೋಗಿ ಆಗಿತ್ತು.