ದುರ್ಗಕ್ಕೆ ಅಪ್, ದಾವಣಗೆರೆಗೆ ಡೌನ್

ದಾವಣಗೆರೆಯಲ್ಲಿದ್ದುಕೊಂಡು ಚಿತ್ರದುರ್ಗದಲ್ಲಿ ನೌಕರಿ ಮಾಡುವವರನ್ನು ಕಂಡರೆ ನಮ್ಮ ಜನ ಮೊದಲು ಕೇಳುವುದು ಸಂಬಳವನ್ನಲ್ಲ, “ಅಲ್ಲೇ ಮನೆ ಮಾಡೀರೋ, ಅಪ್ ಅಂಡ್ ಡೌನ್ ಮಾಡ್ತೀರೋ?” ಎಂಬುದನ್ನು. ಅಪ್ ಅಂಡ್ ಡೌನ್ ಎಂದು ಉತ್ತರಿಸಿದರೆ ಸಾಕು, ಕೇಳಿದವರ ಮುಖದಲ್ಲಿ ಕನಿಕರವೂ, ‘ಹಾಗಾದರೆ ದುರ್ಗದಿಂದ ಬರುವಾಗ ನಮ್ಮದೊಂದು ಕಾಗದ ತಂದುಕೊಡಬಹುದಲ್ಲ’ ಎಂಬ ಆಸೆಯೂ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಆನಗೋಡು, ಭರಮಸಾಗರಗಳ ಮೇಲೆ ಹಾದುಹೋಗುವ ಸುಮಾರು 60 ಕಿಲೋಮೀಟರ್ ಹೆದ್ದಾರಿಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆಯುವ ನಮ್ಮಂಥವರ ಬದುಕನ್ನು ಆ ಮೂರು ಪದಗಳಷ್ಟು ಅಚ್ಚುಕಟ್ಟಾಗಿ ಹೇಳುವ ಮಾತು ಇನ್ನೊಂದಿಲ್ಲವೆಂದೇ ನಾನು ನಂಬಿದ್ದೆ.

ಅಪ್ ಮತ್ತು ಡೌನ್ ಮೂಲತಃ ರೈಲ್ವೆಯವರ ಮಾತುಗಳು. ಇಂಗ್ಲೆಂಡಿನಲ್ಲಿ ಲಂಡನ್ನಿನ ಕಡೆಗೆ ಹೋಗುವ ಗಾಡಿ ಅಪ್, ಅಲ್ಲಿಂದ ಹೊರಟು ಬರುವುದು ಡೌನ್. ಈ ಲೆಕ್ಕದಲ್ಲಿ ಪ್ರಧಾನ ಊರಿನ ಕಡೆಗೆ ಹೋಗುವುದೇ ಅಪ್ ಆಗಬೇಕು. ದಾವಣಗೆರೆಯು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕಾಗಿದ್ದಷ್ಟು ಕಾಲ ದುರ್ಗಕ್ಕೆ ಹೋಗುವುದು ನಿರ್ವಿವಾದವಾಗಿ ಅಪ್ಪೇ ಆಗಿತ್ತು. 1997ರಲ್ಲಿ ದಾವಣಗೆರೆಯೇ ಜಿಲ್ಲೆಯಾದ ಮೇಲೆ ಯಾರು ಮೇಲೆ, ಯಾರು ಕೆಳಗೆ ಎಂಬ ಚರ್ಚೆಗೆ ಎಡೆಯಾಯಿತು. ನನ್ನ ಮಟ್ಟಿಗೆ ಇದನ್ನು ಭೂಗೋಳವೇ ಇತ್ಯರ್ಥ ಮಾಡಿದೆ. ಸಮುದ್ರಮಟ್ಟದಿಂದ ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಬೆಳಿಗ್ಗೆ ನಾವು ಏರುವುದೂ ಸಂಜೆ ಇಳಿಯುವುದೂ ಅಕ್ಷರಶಃ ಸತ್ಯ. ವಿಚಿತ್ರವೆಂದರೆ, ಇಷ್ಟು ಶ್ರದ್ಧೆಯಿಂದ ರೈಲ್ವೆಯ ಮಾತನ್ನಾಡುವ ನಮಗೆ ಕಚೇರಿಯ ಹೊತ್ತಿಗೆ ತಲುಪಿಸುವ ಒಂದು ನೇರ ರೈಲಿಲ್ಲ. ರೈಲಿನಲ್ಲೇ ಹೋಗುತ್ತೇನೆಂದು ಹಟ ಹಿಡಿದವರು ಚಿಕ್ಕಜಾಜೂರಿನವರೆಗೆ ಹೋಗಿ, ಅಲ್ಲಿ ಇಳಿದು, ದುರ್ಗದ ಕಡೆಯ ಗಾಡಿಗಾಗಿ ಕಾಯಬೇಕು. ಅಷ್ಟರಲ್ಲಿ ಕಚೇರಿಯ ಹಾಜರಿ ಪುಸ್ತಕ ಸಾಹೇಬರ ಮೇಜು ಸೇರಿರುತ್ತದೆ.

ಹೀಗೆ ನೆಮ್ಮದಿಯಾಗಿ ಏರಿಳಿಯುತ್ತಿದ್ದ ನಮ್ಮ ನಡುವೆ ‘ಕಮ್ಯೂಟ್’ (ಮನೆಯಿಂದ ಕೆಲಸಕ್ಕೆ ನಿತ್ಯ ಹೋಗಿಬರುವುದು) ಎಂಬ ಪದವನ್ನು ತಂದುಹಾಕಿದ್ದು ಮೇಲಿನ ಕಚೇರಿಯಿಂದ ಟಪಾಲಿನಲ್ಲಿ ಬಂದ ಒಂದು ನಮೂನೆ. ಪ್ರತಿಯೊಬ್ಬ ನೌಕರನ ಹೆಸರಿನ ಮುಂದೆ ‘ಮೋಡ್ ಆಫ್ ಕಮ್ಯೂಟ್’ ಎಂದೊಂದು ಕಾಲಂ, ‘ಕಮ್ಯೂಟಿಂಗ್ ಡಿಸ್ಟೆನ್ಸ್’ ಎಂದು ಇನ್ನೊಂದು. ಸಂಜೆಯೊಳಗೆ ಭರ್ತಿ ಮಾಡಿ ಕಳುಹಿಸಬೇಕೆಂಬ ತಾಕೀತು ಬೇರೆ. ಅಧೀಕ್ಷಕರು ಅದನ್ನು ಮೇಜಿನಿಂದ ಮೇಜಿಗೆ ಓಡಾಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಹಿಂದಿರುಗಿದ ನಮೂನೆ ಓದಲು ಯೋಗ್ಯವಾಗಿತ್ತು. ಟಪಾಲು ಶಾಖೆಯವರು ಅದನ್ನು ಕಮ್ಯುನಿಕೇಷನ್ನಿನ ತುಂಡೆಂದು ತಿಳಿದು ‘ಕನ್ನಡ ಮತ್ತು ಇಂಗ್ಲಿಷ್’ ಎಂದು ಬರೆದಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಗುಮಾಸ್ತರು ‘ಮೂರನೇ ಒಂದು ಭಾಗ, ಒಂದೇ ಕಂತಿನಲ್ಲಿ’ ಎಂದು ನಮೂದಿಸಿದ್ದರು. ಅವರ ತರ್ಕ ತಪ್ಪೇನಲ್ಲ. ಪಿಂಚಣಿಯ ಮೂರನೇ ಒಂದು ಭಾಗವನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಇಡಿಗಂಟು ಪಡೆಯುವುದಕ್ಕೆ ಸರ್ಕಾರಿ ಭಾಷೆಯಲ್ಲಿ ಕಮ್ಯುಟೇಷನ್ ಎಂದೇ ಹೆಸರು, ಮತ್ತು ಅವರು ವರ್ಷದಿಂದ ಬೇರೆ ಯಾವುದನ್ನೂ ಯೋಚಿಸಿರಲಿಲ್ಲ. 2006ರ ಏಪ್ರಿಲ್ 1ರಂದು ಅಥವಾ ಆನಂತರ ಸೇವೆಗೆ ಸೇರಿ, ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಒಳಪಟ್ಟ ಕಿರಿಯರಿಗೆ ಈ ಅರ್ಥ ಹೊಳೆಯುವ ಸಂಭವವೇ ಇರಲಿಲ್ಲ. ನ್ಯಾಯಾಲಯದ ಪ್ರಕರಣಗಳನ್ನು ನೋಡಿಕೊಳ್ಳುವ ವಿಷಯ ನಿರ್ವಾಹಕರು, ರಾಜ್ಯಪಾಲರು ಸಂವಿಧಾನದ 161ನೇ ವಿಧಿಯನ್ವಯ ಶಿಕ್ಷೆಯನ್ನು ಕಮ್ಯೂಟ್ ಮಾಡಬಹುದು, ಎಂದರೆ ಹಗುರವಾದ ಶಿಕ್ಷೆಗೆ ಬದಲಿಸಬಹುದು ಎಂಬುದನ್ನು ನೆನಪಿಟ್ಟುಕೊಂಡು, ‘ಈವರೆಗೆ ಯಾವುದೇ ರಿಯಾಯಿತಿ ದೊರೆತಿಲ್ಲ’ ಎಂದು ದುಃಖದಿಂದ ಬರೆದಿದ್ದರು. ನಮ್ಮ ಬಸ್ಸಿನ ಸಹಪ್ರಯಾಣಿಕರೊಬ್ಬರ ಉತ್ತರ ಮಾತ್ರ ಪದದ ಅರ್ಥವನ್ನು ಸರಿಯಾಗಿ ಹಿಡಿದಿತ್ತು. ಪ್ರಯಾಣದ ವಿಧಾನ ಎಂಬಲ್ಲಿ ಅವರು ‘ನಿಂತುಕೊಂಡು’ ಎಂದು ಬರೆದಿದ್ದರು.

ಅಲ್ಲಿಂದ ಮುಂದೆ ಕೆಲಸ ನಿಂತು ವ್ಯಾಕರಣ ಶುರುವಾಯಿತು. ಡಾಟಾ ಎಂಟ್ರಿಯ ಹುಡುಗ, ಕಳೆದ ವಾರ ತಾನು ಕುಟುಂಬಸಮೇತ ಧರ್ಮಸ್ಥಳಕ್ಕೆ ಕಮ್ಯೂಟ್ ಮಾಡಿದ್ದಾಗಿ ಹೇಳಿದ. ಅದು ಯಾತ್ರೆಯಪ್ಪಾ, ಮನೆಯಿಂದ ಕೆಲಸದ ಜಾಗಕ್ಕೆ ಹೋಗಿ ಮತ್ತೆ ಮನೆಗೆ ಬರುವುದನ್ನು ನಿತ್ಯವೂ ಮಾಡಿದರೆ ಮಾತ್ರ ಆ ಪದ ಸಲ್ಲುತ್ತದೆ, ಒಂದು ಸಲ ಹೋಗಿಬಂದದ್ದಕ್ಕಲ್ಲ ಎಂದು ತಿಳಿಸಲಾಯಿತು. ಹಾಗಾದರೆ ಮಗಳನ್ನು ದಿನಾ ಶಾಲೆಗೆ ಕಮ್ಯೂಟ್ ಮಾಡುತ್ತೇನೆ ಎನ್ನಬಹುದೇ ಎಂದು ಆತ ಕೇಳಿದ. ಮಗಳು ತಾನಾಗಿ ಮಾಡಬಹುದು, ಇನ್ನೊಬ್ಬರು ಅವಳನ್ನು ಮಾಡುವಂತಿಲ್ಲ. ಈ ಕ್ರಿಯಾಪದಕ್ಕೆ ಕರ್ಮ ಬೇಕೆಂದರೆ ಪಿಂಚಣಿಯೋ ಗಲ್ಲು ಶಿಕ್ಷೆಯೋ ಆಗಬೇಕು. ‘ನನ್ನ ಕಮ್ಯೂಟ್ ಒಂದೂವರೆ ಗಂಟೆಯದು’ ಎಂದು ನಾಮಪದವಾಗಿ ಬಳಸಿದರೆ ಅಡ್ಡಿಯಿಲ್ಲ ಎಂದಾಗ ಹುಡುಗ ಸಮಾಧಾನಗೊಂಡ. ಎಲ್ಲರಿಗಿಂತ ಕಠಿಣವಾದದ್ದು ನಮ್ಮ ಕಂಡಕ್ಟರರ ಪ್ರಶ್ನೆ. ಮರುದಿನ ಬಸ್ಸಿನಲ್ಲಿ ಈ ಚರ್ಚೆ ಮುಂದುವರಿದಾಗ, ಅದೇ ಹೆದ್ದಾರಿಯಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಓಡಾಡುವ ಅವರು, “ಮತ್ತೆ ನಾವು ಏನ್ ಮಾಡ್ತೀವಿ ಸಾರ್?” ಎಂದರು. ಅವರು ಡಿಪೋಕ್ಕೆ ಬರುವುದು ಮಾತ್ರ ಕಮ್ಯೂಟ್, ಬಸ್ಸಿನಲ್ಲಿ ಓಡಾಡುವುದು ಬರೀ ಡ್ಯೂಟಿ ಎಂದು ವಿವರಿಸಿದೆವು. ಅವರ ಮನೆ ಡಿಪೋದ ಹಿಂದಿನ ಬೀದಿಯಲ್ಲಿದೆಯಂತೆ. ಇಡೀ ಬಸ್ಸಿನಲ್ಲಿ ಅತಿ ಕಡಿಮೆ ಕಮ್ಯೂಟ್ ಮಾಡುವವರು ತಾವೇ ಎಂದು ತಿಳಿದು ಅವರಿಗೆ ಅವಮಾನವಾದಂತಾಯಿತು.

ಈ ಪದ ಹುಟ್ಟಿದ ಬಗೆಯೂ ನಮ್ಮ ಬಸ್ಸಿನಲ್ಲಿ ಜಗಳಕ್ಕೆ ಕಾರಣವಾಯಿತು. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ಅದಲುಬದಲು ಎಂಬರ್ಥವಿದೆ. 1840ರ ದಶಕದಲ್ಲಿ ಅಮೆರಿಕದ ರೈಲ್ವೆಗಳು, ದಿನದಿನವೂ ಚಿಲ್ಲರೆ ಕೊಡುವ ಬದಲು ಒಟ್ಟಿಗೆ ಕಡಿಮೆ ಹಣ ಕಟ್ಟಿ ಓಡಾಡಿಕೊಳ್ಳಿ ಎಂದು ‘ಕಮ್ಯುಟೇಷನ್ ಟಿಕೆಟ್’ ಮಾರಿದವು; ಆ ಟಿಕೆಟನ್ನು ಇಟ್ಟುಕೊಂಡವನು ಕಮ್ಯೂಟರ್ ಆದ, ಅವನ ಓಡಾಟ ಕಮ್ಯೂಟ್ ಆಯಿತು. ಎಂದರೆ ನಮ್ಮ ಮಾಸಿಕ ಪಾಸಿನ ಪೂರ್ವಜರು ಅವರೇ. ಇದನ್ನು ಕೇಳಿದ ‘ನಿಂತುಕೊಂಡು’ ಮಹಾಶಯರು ಕೂಡಲೇ ಒಂದು ಸಿದ್ಧಾಂತ ಮಂಡಿಸಿದರು: 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ಮಹಿಳೆಯರು ಶೂನ್ಯ ಟಿಕೆಟಿನಲ್ಲಿ ಓಡಾಡುತ್ತಿರುವುದರಿಂದ ಅವರು ಯಾವುದನ್ನೂ ಅದಲುಬದಲು ಮಾಡುತ್ತಿಲ್ಲ, ಆದ್ದರಿಂದ ಪಾಸಿಗೆ ಹಣ ಕಟ್ಟುವ ಗಂಡಸರಷ್ಟೇ ಶುದ್ಧ ಕಮ್ಯೂಟರುಗಳು. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಲೆಕ್ಕಶಾಖೆಯ ಮೇಡಂ, ಬೆಳಿಗ್ಗೆ ನಾಲ್ಕೂವರೆಗೆ ಎದ್ದು ರೊಟ್ಟಿ ತಟ್ಟಿ ಎರಡು ಡಬ್ಬಿ ಕಟ್ಟಿ ಬರುವವರು, ಕಣ್ಣು ಮುಚ್ಚಿಕೊಂಡೇ, “ನಾವು ನಿದ್ದೆ ಕೊಟ್ಟು ಸೀಟು ತಗೊಂಡೀವಿ, ಬರ್ಕೊಳ್ರಿ ಸಾರ್” ಎಂದರು. ಸಿದ್ಧಾಂತ ಭರಮಸಾಗರದ ಆಚೆಗೆ ಬರಲಿಲ್ಲ.

ಆದರೆ ಮೊದಲ ದಿನ ಸಂಜೆ ನಮೂನೆ ಏನಾಯಿತೆಂಬುದನ್ನು ಹೇಳಬೇಕು. ಉತ್ತರಗಳನ್ನೆಲ್ಲ ಓದಿದ ಅಧೀಕ್ಷಕರಿಗೆ ಭಾಷೆಗಿಂತ ದೊಡ್ಡದೊಂದು ತೊಡಕು ಕಾಣಿಸಿತು. ಸರ್ಕಾರಿ ನೌಕರನು ಕೇಂದ್ರಸ್ಥಾನದಲ್ಲಿಯೇ ವಾಸಿಸಬೇಕೆಂದು ಸುತ್ತೋಲೆಗಳು ಸಾರುತ್ತಲೇ ಬಂದಿವೆ. ಕಡತಗಳ ಪ್ರಕಾರ ನಾವೆಲ್ಲರೂ ಚಿತ್ರದುರ್ಗದಲ್ಲಿ, ಕಚೇರಿಗೆ ಕೂಗಳತೆಯಲ್ಲಿ ಇದ್ದೇವೆ. ಹೀಗಿರುವಾಗ ದೂರದ ಕಾಲಮ್ಮಿನಲ್ಲಿ ‘60 ಕಿಲೋಮೀಟರ್’ ಎಂದು ಬರೆದು ಸಹಿ ಹಾಕುವುದೆಂದರೆ ನೋಟೀಸನ್ನು ನಾವೇ ಬರೆದುಕೊಂಡಂತೆ. ಸರಿಯಾದ ಪದಕ್ಕೆ ಸರಿಯಾದ ಉತ್ತರ ಕೊಡುವುದು ಎಷ್ಟು ಅಪಾಯಕಾರಿ ಎಂಬುದು ಆಗ ಎಲ್ಲರಿಗೂ ಅರಿವಾಗಿ ಕೋಣೆ ತಣ್ಣಗಾಯಿತು.

ಅಧೀಕ್ಷಕರು ಹೊಸ ಪ್ರತಿಯೊಂದನ್ನು ತರಿಸಿ, ಎಲ್ಲರ ಹೆಸರಿನ ಮುಂದೆಯೂ ವಿಧಾನ ‘ಕಾಲ್ನಡಿಗೆ’, ದೂರ ‘ಅರ್ಧ ಕಿಲೋಮೀಟರ್’ ಎಂದು ಸ್ವಹಸ್ತದಿಂದ ತುಂಬಿ, ಮೊಹರು ಒತ್ತಿ, ಲಕೋಟೆಗೆ ಸೇರಿಸಿದರು. ಬಳಿಕ ಗೋಡೆಯ ಗಡಿಯಾರವನ್ನು ನೋಡಿ, “ಲಗೂನ ಏಳ್ರಪ್ಪಾ, ಐದೂ ಮುಕ್ಕಾಲಿನ ದಾವಣಗೆರೆ ಗಾಡಿ ತಪ್ಪಿದ್ರೆ ಸೀಟ್ ಸಿಗಂಗಿಲ್ಲ” ಎನ್ನುತ್ತ ಬ್ಯಾಗು ಹೆಗಲಿಗೇರಿಸಿ ಎಲ್ಲರಿಗಿಂತ ಮುಂದೆ ಮೆಟ್ಟಿಲಿಳಿದರು.