ಮೂರು ನಿಮಿಷದ ಪರೀಕ್ಷೆ

ನಮ್ಮ ಮನೆಗೆ ಬಂದ ಮೊದಲ ವಾರ ನಾಯಿ ಬ್ರೂನೊ ಯಾವ ಬಾಗಿಲನ್ನೂ ತಾನಾಗಿ ದಾಟಲಿಲ್ಲ. ಹಿತ್ತಿಲ ಬಾಗಿಲು ಪೂರ್ತಿ ತೆರೆದಿದ್ದರೂ ಹೊಸ್ತಿಲ ಈಚೆಗೆ ಕುಳಿತು ನನ್ನ ಮುಖ ನೋಡುತ್ತಿದ್ದ. ಹೋಗು ಎಂದ ಮೇಲೆಯೇ ಹೆಜ್ಜೆ ಎತ್ತುತ್ತಿದ್ದ. ಶಿವಮೊಗ್ಗದಿಂದ ಬಂದಿದ್ದ ಅಮ್ಮ ಅದನ್ನು ಕಂಡು, "ಇವನನ್ನು ಯಾರೋ ತುಂಬಾ ತಾಳ್ಮೆಯಿಂದ ಸಾಕಿದ್ದಾರೆ" ಎಂದರು. ಸಾಕಿದವನು ಇಲ್ಲಿನ, ಅಮೆರಿಕದ ಮಿಸ್ಸೌರಿ ರಾಜ್ಯದ, ಒಂದು ಸೆರೆಮನೆಯ ಕೈದಿ ಎಂದು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವನು ಹೊರಟು ಬಂದ ದಿನ ಆ ಹುಡುಗನಿಗೆ ಅನ್ನ ಇಳಿಯಿತೋ ಇಲ್ಲವೋ" ಎಂದರು.

ನಾಯಿ ತಂದು ಎಂಟು ತಿಂಗಳಾಯಿತು. ಅಮ್ಮನ ಆ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ.

ಮಿಸ್ಸೌರಿಯ ಬಂದೀಖಾನೆ ಇಲಾಖೆ 2010ರಿಂದ 'ಪಪ್ಪೀಸ್ ಫಾರ್ ಪರೋಲ್' ಎಂಬ ಕಾರ್ಯಕ್ರಮವನ್ನು ನಡೆಸುತ್ತಿದೆ. ಹೆಸರಿನಲ್ಲಿ ಮರಿ ಎಂದಿದ್ದರೂ ಬರುವ ನಾಯಿಗಳಲ್ಲಿ ಅನೇಕವು ಬೆಳೆದವು. ದಿಕ್ಕಿಲ್ಲದ ನಾಯಿಗಳನ್ನು ಇಟ್ಟುಕೊಳ್ಳುವ ಶೆಲ್ಟರಿಗೆ ಬಂದವರ ಮೈಮೇಲೆ ಹಾರುತ್ತವೆ, ಹಗ್ಗ ಎಳೆಯುತ್ತವೆ, ಹೆದರಿ ಮೂಲೆ ಸೇರುತ್ತವೆ. ಹಾಗಾಗಿ ಯಾರೂ ಒಯ್ಯುವುದಿಲ್ಲ. ಅಂಥವನ್ನು ಸೆರೆಮನೆಗೆ ಕಳುಹಿಸುತ್ತಾರೆ. ಒಳ್ಳೆಯ ನಡತೆಯ ಕೈದಿಗಳು ವಾರಗಟ್ಟಲೆ ಅವುಗಳೊಂದಿಗೇ ಉಂಡು, ಮಲಗಿ, ಕಲಿಸುತ್ತಾರೆ. ಖರ್ಚು ನಡೆಯುವುದು ದೇಣಿಗೆಯಿಂದ. ಈ ಯೋಚನೆ ಇನ್ನೂ ಹಳೆಯದು. 1981ರಲ್ಲಿ ವಾಷಿಂಗ್ಟನ್ ರಾಜ್ಯದ ಮಹಿಳಾ ಸೆರೆಮನೆಯೊಂದರಲ್ಲಿ ಇದನ್ನು ಮೊದಲು ನೆಲೆಗೊಳಿಸಿದವರಲ್ಲಿ ಪಾಲಿನ್ ಕ್ವಿನ್ ಒಬ್ಬರು. ಮುಂದೆ ಅವರು ಸನ್ಯಾಸಿನಿಯಾದರು. ಮನೆ ಬಿಟ್ಟು, ಸಂಸ್ಥೆಯಿಂದ ಸಂಸ್ಥೆಗೆ ಅಲೆದ ಅವರ ಎಳೆಯ ಬದುಕಿಗೆ ಧೈರ್ಯ ಕೊಟ್ಟದ್ದು ಒಂದು ಜರ್ಮನ್ ಶೆಫರ್ಡ್ ನಾಯಿ.

ತರಬೇತಿಯಾದ ನಾಯಿಗಳಿಗೆ ಅಮೆರಿಕನ್ ಕೆನಲ್ ಕ್ಲಬ್ಬಿನ 'ಕೇನೈನ್ ಗುಡ್ ಸಿಟಿಜನ್' ಪರೀಕ್ಷೆ ಇರುತ್ತದೆ. ಒಟ್ಟು ಹತ್ತು ಭಾಗ. ಅಪರಿಚಿತರು ಮೈ ಸವರಿದರೆ ಸುಮ್ಮನಿರಬೇಕು, ಜನರ ನಡುವೆ ಹಗ್ಗ ಎಳೆಯದೆ ನಡೆಯಬೇಕು, ಕರೆದಾಗ ಬರಬೇಕು. ಕೊನೆಯದು ಅಗಲಿಕೆ. ಸಾಕಿದವನು ಹಗ್ಗವನ್ನು ಬೇರೆಯವರ ಕೈಗೆ ಕೊಟ್ಟು ಕಣ್ಮರೆಯಾಗುತ್ತಾನೆ. ನಾಯಿ ಮೂರು ನಿಮಿಷ ಒಂದೇ ಸಮನೆ ಬೊಗಳದೆ, ಕುಂಯ್‌ಗುಡದೆ ಕಾಯಬೇಕು. ಇದನ್ನು ಕಲಿಸುವ ಕೈದಿಯ ಸ್ಥಿತಿಯನ್ನು ಯೋಚಿಸಿ. ನಾನಿಲ್ಲದೆಯೂ ನೀನು ಇರಬಲ್ಲೆ ಎಂದು ಅದಕ್ಕೆ ದಿನವೂ ಮನವರಿಕೆ ಮಾಡಬೇಕು. ಅದು ಚೆನ್ನಾಗಿ ಕಲಿತಷ್ಟೂ ಬೇಗ ಹೊರಟುಹೋಗುತ್ತದೆ. ಆಮೇಲೆ ಮತ್ತೊಂದು ನಾಯಿ ಬರುತ್ತದೆ. ಅದೇ ಪಾಠ ಮತ್ತೆ ಮೊದಲಿನಿಂದ.

ಕನ್ನಡದ ಗೆಳೆಯರ ಕೂಟದಲ್ಲಿ ಒಬ್ಬರು, "ಕೊಲೆಗಡುಕರು ಬೆಳೆಸಿದ ನಾಯಿಯನ್ನು ಮಕ್ಕಳ ಹತ್ತಿರ ಬಿಡುತ್ತೀರಾ?" ಎಂದು ಕೇಳಿದರು. ನನಗೆ ಸಿಟ್ಟು ಬಂತು, ಈಗಲೂ ಇದೆ. ಅದೇ ಹೊತ್ತಿಗೆ ಬ್ರೂನೊ ಅವರ ಮಗಳ ಕಾಲ ಬಳಿ ಮಲಗಿದ್ದ. ಆದರೆ ಇನ್ನೊಂದು ಪ್ರಶ್ನೆಯನ್ನು ಹಾಗೆ ತಳ್ಳಿಹಾಕಲಾರೆ. ಅಪರಾಧಕ್ಕೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು, ಆ ಮನುಷ್ಯನಿಗೆ ನಾಯಿಯ ಪ್ರೀತಿ ಯಾಕೆ ಸಿಗಬೇಕು ಎಂದು ಕೇಳಿದರೆ ಅವಳ ಮುಂದೆ ವಾದ ಮಾಡಲು ನನಗೆ ಬಾಯಿ ಬಾರದು. ನಾಯಿಯ ಕಡೆಯಿಂದ ಮಾತ್ರ ಹೇಳಬಲ್ಲೆ. ಶೆಲ್ಟರಿನ ಕೆಲಸಗಾರರಿಗೆ ಒಂದೊಂದು ನಾಯಿಗೆ ಕೊಡಲು ಸಿಗುವುದು ಸ್ವಲ್ಪ ಹೊತ್ತು. ನಮಗೋ, ಕಚೇರಿ, ಮಕ್ಕಳು, ಅಡುಗೆ. ಕೆಟ್ಟು ಹೆದರಿದ ನಾಯಿಗೆ ಬೇಕಾದಷ್ಟು ಹೊತ್ತು ಇರುವುದು ಸೆರೆಮನೆಯಲ್ಲಿ.

ಸ್ಪಾರ್ಕಿಯ ಕಥೆಯನ್ನೇ ನೋಡಿ. ಅದು ಕಿವಿ ಕೇಳದ ಡ್ಯಾಶ್‌ಹುಂಡ್. ಮಿಸ್ಸೌರಿಯ ಲಿಕಿಂಗ್ ಊರಿನ ಸೆರೆಮನೆಯ ಕೈದಿಗಳು ಅದಕ್ಕೆ ಕೈಸನ್ನೆಗಳಲ್ಲಿ ಕಲಿಸಿದರು. ಕೊನೆಗೆ ಅದನ್ನು ದತ್ತು ತೆಗೆದುಕೊಂಡದ್ದು ಅದೇ ರಾಜ್ಯದ ಫುಲ್ಟನ್ ಊರಿನ ಕಿವುಡ ಮಕ್ಕಳ ಶಾಲೆ. ಅಲ್ಲಿನ ಮಕ್ಕಳು ಅದರೊಡನೆ ತಮ್ಮದೇ ಭಾಷೆಯಲ್ಲಿ ಮಾತನಾಡಿದರು.

ನಮ್ಮ ಮನೆಯಲ್ಲೂ ಸನ್ನೆಯೇ ನಡೆಯಿತು. ಅಮ್ಮನಿಗೆ ಇಂಗ್ಲಿಷ್ ಬಾರದು, ಬ್ರೂನೊಗೆ ಕನ್ನಡ ಬಾರದು. ಅವನ ಜೊತೆಗೆ ಬಂದಿದ್ದ ಹಾಳೆಯಲ್ಲಿ ಕೈಸನ್ನೆಗಳನ್ನು ಪೆನ್ಸಿಲಿನಲ್ಲಿ ಬರೆದು ತೋರಿಸಿದ್ದರು. ಅಂಗೈ ಮೇಲೆತ್ತಿದರೆ ಕೂರುತ್ತಾನೆ, ಕೆಳಗಿಳಿಸಿದರೆ ಮಲಗುತ್ತಾನೆ. ಅದೇ ಹಾಳೆಯ ಕೊನೆಯಲ್ಲಿ ಒಂದು ಸಾಲು ಇತ್ತು: ಗುಡುಗಿಗೆ ಹೆದರುತ್ತಾನೆ, ಮಾತು ಬೇಡ, ಪಕ್ಕದಲ್ಲಿ ಕುಳಿತರೆ ಸಾಕು. ಮಳೆ ಬಂದ ರಾತ್ರಿಗಳಲ್ಲಿ ಅಮ್ಮ ಜಪಮಣಿ ಹಿಡಿದು ಅವನ ಪಕ್ಕ ಕೂರುತ್ತಿದ್ದರು.

ತರಬೇತಿಯಾದ ನಾಯಿ ಎಂದರೆ ಇನ್ನು ನಮ್ಮ ಕೆಲಸವೇನೂ ಇಲ್ಲ ಎಂದು ತಿಳಿಯಬೇಡಿ. ನಾವು ಅಭ್ಯಾಸ ಬಿಟ್ಟ ಒಂದೇ ತಿಂಗಳಲ್ಲಿ ಅವನು ಮತ್ತೆ ಹಗ್ಗ ಎಳೆಯತೊಡಗಿದ್ದ. ದಿನಕ್ಕೆ ಹದಿನೈದು ನಿಮಿಷವಾದರೂ ಬೇಕು. ಅಷ್ಟೂ ಕೊಡಲಾಗದವರು ದಯವಿಟ್ಟು ತರಬೇಡಿ.

ಕಳೆದ ವಾರ ಅವನ ಫೋಟೊ ಒಂದನ್ನು, ಆ ಕೈದಿಗೆ ತಲುಪಿಸಲು ಸಾಧ್ಯವೇ ಎಂದು ಕೇಳಿ, ಶೆಲ್ಟರಿಗೆ ಕಳುಹಿಸಿದ್ದೇನೆ. ಅಮ್ಮನ ಮಡಿಲಲ್ಲಿ ತಲೆಯಿಟ್ಟು ಮಲಗಿದ ಫೋಟೊ.

ಮಿಸ್ಸೌರಿಯಲ್ಲಿರುವ ಗೆಳೆಯರೇ, ದುಡ್ಡು ಸುರಿದು ಮರಿಯನ್ನು ಕೊಳ್ಳುವ ಮೊದಲು ಇಂಥ ನಾಯಿಯೊಂದನ್ನು ನೋಡಿ ಬನ್ನಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನನಗೆ ಸಂದೇಶ ಕಳುಹಿಸಿ. ಶನಿವಾರ ಬಿಡುವಿರುತ್ತದೆ, ಜೊತೆಗೆ ಬರುತ್ತೇನೆ.