ಪುರಭವನದ ಮನವಿ: ಒಂದು ತಪ್ಪಿನ ಸ್ಪಷ್ಟನೆ

ಮೈಸೂರಿನ ಪುರಭವನವನ್ನು ಸಮುದಾಯ ಕಲಾಕೇಂದ್ರವಾಗಿಸಬೇಕೆಂದು ಕೋರಿ ನಾನು ಬರೆದ ವಾಟ್ಸ್‌ಆ್ಯಪ್ ಮನವಿಯಲ್ಲಿ ಒಂದು ವಾಕ್ಯ ತಪ್ಪಾಗಿದೆ. 'ಮೈಸೂರು ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ 1881ರಲ್ಲಿ ಇದೇ ಭವನದಲ್ಲಿ ನಡೆಯಿತು' ಎಂದು ಬರೆದಿದ್ದೆ. ಅದು ಈಗ ಹಲವು ಗುಂಪುಗಳಲ್ಲಿ ಹರಿದಾಡುತ್ತಿದೆ.

ಸಭೆ ಆರಂಭವಾದದ್ದು 1881ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ ಸಿ. ರಂಗಾಚಾರ್ಲು ಅವರ ಮುತುವರ್ಜಿಯಿಂದ. ಇದು ಸರಿ. ಆದರೆ ಆಗ ಈ ಕಟ್ಟಡವೇ ಇರಲಿಲ್ಲ. ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು; ಅವರ ನೆನಪಿಗಾಗಿ 1884ರಲ್ಲಿ ತಲೆಯೆತ್ತಿದ್ದು ಈ ಭವನ. 'ರಂಗಾಚಾರ್ಲು ಸ್ಮಾರಕ ಭವನ' ಎಂಬ ಹೆಸರೇ ಇದನ್ನು ಹೇಳುತ್ತದೆ. ಬರೆಯುವಾಗ ನಾನು ಅದನ್ನು ಗಮನಿಸಬೇಕಿತ್ತು.

ನಾಟಕ, ಸಂಗೀತ, ಸಭೆಗಳಿಗೆ ದಶಕಗಳಿಂದ ವೇದಿಕೆಯಾದ ಈ ಭವನ ಕಲಾವಿದರಿಗೆ ಸಿಗಬೇಕೆಂಬ ಬೇಡಿಕೆ ಹಾಗೆಯೇ ಇದೆ. ಅದಕ್ಕೆ ತಪ್ಪು ಇತಿಹಾಸದ ಊರುಗೋಲು ಬೇಡ.

ದಯವಿಟ್ಟು ಹಳೆಯ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.